ಒಂಬತ್ತನೆಯ ತಿಂಗಳ ಅಂಜಿಕೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮರುಹುಟ್ಟಿನ ನೋವನ್ನು ಎಲ್ಲರೂ ಬಲ್ಲರು. ಅದಕ್ಕೆ ಮುಂಚಿನ ಎರಡು ಮೂರು ತಿಂಗಳುಗಳ ನೋವನ್ನು ಲೆಕ್ಕಕ್ಕೆ ಹಿಡಿಯುವವರು ಮಾತ್ರ ವಿರಳ. ಏಳನೆಯ ತಿಂಗಳು ಕಳೆದ ಮೇಲೆ ಗರ್ಭಿಣಿಯ ಮೈಭಾರ ಮುಂದಕ್ಕೆ ವಾಲುತ್ತದೆ. ಬೆನ್ನೆಲುಬು ಹಿಂದಕ್ಕೆ ಬಾಗಿ ಅದನ್ನು ತೂಗಿಸಬೇಕಾಗುತ್ತದೆ. ಹೆರಿಗೆಗೆ ಹಾದಿ ಮಾಡಿಕೊಡಲೆಂದು ಸೊಂಟದ ಕೀಲುಗಳ ಕಟ್ಟುಗಳು ಸಡಿಲಗೊಳ್ಳುತ್ತವೆ. ಕುಳಿತರೆ ಏಳಲಾಗದು, ಮಲಗಿದರೆ ಮಗ್ಗುಲು ಬದಲಿಸಲಾಗದು. ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆನ್ನು ಸೊಂಟಗಳ ನೋವನ್ನು ಅನುಭವಿಸುತ್ತಾರೆ. “ಬಸುರಿಗೆ ಇದೆಲ್ಲ ಇದ್ದದ್ದೇ” ಎಂದು ಮನೆಯವರು ಸಮಾಧಾನ ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ನೋವು ಅಲ್ಲಿಯೇ ಉಳಿಯುತ್ತದೆ.

ಆಗ ಕೈಗೆಟಕುವುದು ಮಾತ್ರೆ. ಅದನ್ನು ಬಾಯಿಗೆ ಹಾಕಿಕೊಳ್ಳುವ ಮುನ್ನ ಪ್ರತಿಯೊಬ್ಬ ತಾಯಿಯೂ ಒಂದು ಕ್ಷಣ ಅಂಜುತ್ತಾಳೆ: ಇದು ಮಗುವಿಗೆ ಕೇಡು ಮಾಡೀತೇ? ಈ ಅಂಜಿಕೆ ಎಲ್ಲ ದೇಶಗಳ ತಾಯಂದಿರಿಗೂ ಸಮಾನವಾದುದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದರ ಬೆನ್ನಿಗೇ ಇನ್ನೊಂದು ಅಂಜಿಕೆ ಬಂದು ಸೇರಿಕೊಂಡಿದೆ. ಹೆರಿಗೆಯ ದಿನ ಆಸ್ಪತ್ರೆಯವರು ಮೂತ್ರವನ್ನು ಪರೀಕ್ಷೆಗೆ ಕಳುಹಿಸಿ, ಅದರಲ್ಲಿ ಮಾದಕದ್ರವ್ಯದ ಸುಳಿವು ಕಂಡಿತೆಂದು ಹೇಳಿದರೆ ಗತಿಯೇನು? ಮಗುವನ್ನು ಕಿತ್ತುಕೊಂಡು ಹೋದರೆ? ಮೊದಲನೆಯ ಅಂಜಿಕೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವುಂಟು. ಎರಡನೆಯದು ಆ ಉತ್ತರವನ್ನು ಕೇಳುವ ಬಾಯಿಯನ್ನೇ ಮುಚ್ಚಿಸುತ್ತದೆ. ಇದು ಹೇಗೆಂಬುದನ್ನು ವಿವರವಾಗಿ ನೋಡುವುದು ಲೇಸು.

ಯಾವ ಮಾತ್ರೆ, ಯಾವ ಭಯ

ನೋವಿನ ಮಾತ್ರೆಗಳೆಲ್ಲವೂ ಒಂದೇ ಜಾತಿಯವಲ್ಲ. ಅವುಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಇದನ್ನೇ ಅಸಿಟಮಿನೊಫೆನ್ ಎನ್ನುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಟೈಲೆನಾಲ್ ಎಂಬ ಹೆಸರು ಮನೆಮಾತು. ಗರ್ಭಿಣಿಯರ ನೋವಿಗೂ ಜ್ವರಕ್ಕೂ ವೈದ್ಯರು ಮೊದಲು ಸೂಚಿಸುವುದು ಇದನ್ನೇ. ಈ ಮಾತ್ರೆಗೂ ಮಕ್ಕಳ ಆಟಿಸಂ ಎಂಬ ಮನೋವಿಕಾಸದ ತೊಡಕಿಗೂ ನಂಟಿದೆಯೆಂದು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರೇ ಸಾರಿದಾಗ ಲಕ್ಷಾಂತರ ತಾಯಂದಿರು ದಿಗಿಲುಗೊಂಡರು. ಆದರೆ ಅದಕ್ಕೆ ಮುಂಚೆಯೇ, 2024ರಲ್ಲಿ, ಸ್ವೀಡನ್ ದೇಶದ ಸುಮಾರು 25 ಲಕ್ಷ ಮಕ್ಕಳ ದಾಖಲೆಗಳನ್ನು ಶೋಧಿಸಿದ ಅಧ್ಯಯನವೊಂದು ಪ್ರಕಟವಾಗಿತ್ತು. ಒಬ್ಬಳೇ ತಾಯಿಯ ಮಕ್ಕಳಲ್ಲಿ, ಮಾತ್ರೆ ಸೇವಿಸಿದಾಗ ಬಸಿರಿನಲ್ಲಿದ್ದ ಮಗುವನ್ನೂ ಸೇವಿಸದಿದ್ದಾಗಿನ ಮಗುವನ್ನೂ ಹೋಲಿಸಿ ನೋಡಿದಾಗ ಅಂತಹ ನಂಟೇನೂ ಕಂಡುಬರಲಿಲ್ಲ. ಅಮೆರಿಕದ ಪ್ರಸೂತಿತಜ್ಞರ ಕಾಲೇಜು ಅಧ್ಯಕ್ಷರ ಮಾತಿನ ಬಳಿಕವೂ ತನ್ನ ಸಲಹೆಯನ್ನು ಬದಲಿಸಲಿಲ್ಲ. ಅವಶ್ಯವಿದ್ದಾಗ, ಅವಶ್ಯವಿದ್ದಷ್ಟು, ವೈದ್ಯರನ್ನು ಕೇಳಿ ಎಂಬುದೇ ಅದರ ಸಾರ. ಅಳತೆ ಮೀರಿದರೆ ಯಕೃತ್ತಿಗೆ ಹಾನಿಯಾಗುತ್ತದೆಂಬುದು ಮಾತ್ರ ಗರ್ಭಿಣಿಗೂ ಇತರರಿಗೂ ಸಮನಾಗಿ ಅನ್ವಯಿಸುವ ಎಚ್ಚರಿಕೆ.

ಎರಡನೆಯ ಗುಂಪಿನವು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಊತನಿವಾರಕಗಳು. ತಿಂಗಳು ತುಂಬುತ್ತ ಬಂದಂತೆ ಇವುಗಳ ವಿಷಯದಲ್ಲಿ ಎಚ್ಚರ ಹೆಚ್ಚಬೇಕು. ಗರ್ಭದೊಳಗಿನ ಶಿಶು ಉಸಿರಾಡುವುದಿಲ್ಲವಾದ್ದರಿಂದ ಅದರ ರಕ್ತದ ಬಹುಭಾಗ ಶ್ವಾಸಕೋಶಗಳನ್ನು ಬಳಸಿಕೊಂಡು ಒಂದು ಕಿರುನಾಳದ ಮೂಲಕ ನೇರವಾಗಿ ಮಹಾಧಮನಿಗೆ ಸೇರುತ್ತದೆ. ಆ ನಾಳವನ್ನು ತೆರೆದಿಟ್ಟಿರುವ ರಸವನ್ನೇ ಈ ಮಾತ್ರೆಗಳು ತಡೆಹಿಡಿಯುತ್ತವೆ. ಪರಿಣಾಮವಾಗಿ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ನಾಳ ಹುಟ್ಟುವ ಮುನ್ನವೇ ಕಿರಿದಾಗಬಹುದು. ಶಿಶುವಿನ ಮೂತ್ರಪಿಂಡಗಳೂ ಕುಂದಿ, ಅದರ ಸುತ್ತಣ ನೀರು ಕಡಿಮೆಯಾಗುವ ಸಂಭವವುಂಟು. ಆದುದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರ ಅಕ್ಟೋಬರಿನಲ್ಲಿ, 20 ವಾರಗಳು ತುಂಬಿದ ಮೇಲೆ ಇವುಗಳಿಂದ ದೂರವಿರುವಂತೆ ಎಚ್ಚರಿಸಿತು. ರಕ್ತದೊತ್ತಡ ಏರುವ ಸಂಭವವಿರುವ ಗರ್ಭಿಣಿಯರಿಗೆ ವೈದ್ಯರೇ ಕೊಡುವ ಅಲ್ಪ ಪ್ರಮಾಣದ ಆಸ್ಪಿರಿನ್ ಈ ನಿಯಮಕ್ಕೆ ಹೊರತು.

ಅಫೀಮಿನ ಮನೆತನ

ಮೂರನೆಯ ಗುಂಪು ಅಫೀಮಿನ ಮನೆತನದ್ದು. ಕೊಡೀನ್, ಮಾರ್ಫೀನ್, ಹೈಡ್ರೊಕೊಡೋನ್, ಆಕ್ಸಿಕೊಡೋನ್, ಟ್ರಮಡಾಲ್ ಇವೆಲ್ಲ ಈ ಕುಲದ ನೇರ ಸಂತಾನಗಳು ಇಲ್ಲವೇ ಸಮೀಪದ ಬಂಧುಗಳು. ತೀವ್ರವಾದ ನೋವಿಗೆ ಇವು ಪ್ರಬಲವಾದ ಮದ್ದು. ದಿನಗಟ್ಟಲೆ ಸೇವಿಸಿದರೆ ಮೈಗೆ ಅಂಟಿಕೊಳ್ಳುವುದೂ ಅಷ್ಟೇ ಪ್ರಬಲವಾಗಿ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂದ ಬಳಿಕ ಅಮೆರಿಕದ ವೈದ್ಯರು ಈ ಕುಲದ ಔಷಧಿಗಳನ್ನು ಧಾರಾಳವಾಗಿ ಬರೆದುಕೊಡತೊಡಗಿದರು. ಗರ್ಭಿಣಿಯರೂ ಇದರಿಂದ ಹೊರಗುಳಿಯಲಿಲ್ಲ. ಬಡವರಿಗಾಗಿ ಸರಕಾರ ನಡೆಸುವ ಮೆಡಿಕೇಡ್ ಯೋಜನೆಯ 11 ಲಕ್ಷ ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, 2000ದಿಂದ 2007ರವರೆಗಿನ ಅವಧಿಯಲ್ಲಿ ಅವರಲ್ಲಿ ಶೇಕಡ 21.6 ಮಂದಿ ಬಸಿರಿನಲ್ಲಿದ್ದಾಗ ಒಮ್ಮೆಯಾದರೂ ಈ ಕುಲದ ಔಷಧಿಯನ್ನು ಪಡೆದಿದ್ದರು. ಐವರಲ್ಲಿ ಒಬ್ಬರಿಗಿಂತಲೂ ಹೆಚ್ಚು! ಅವರಿಗೆ ಅದನ್ನು ಕೊಟ್ಟದ್ದು ಕಳ್ಳಸಂತೆಯ ದಲ್ಲಾಳಿಯಲ್ಲ, ವೈದ್ಯರ ಚೀಟಿ.

ತಾಯಿ ಈ ಔಷಧಿಗಳನ್ನು ಬಹುಕಾಲ ಸೇವಿಸಿದ್ದರೆ ಗರ್ಭದೊಳಗಿನ ಕೂಸಿಗೂ ಅದರ ರೂಢಿಯಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸರಬರಾಜು ನಿಲ್ಲುತ್ತದೆ. ಒಂದೆರಡು ದಿನಗಳಲ್ಲಿ ಶಿಶು ನಡುಗುತ್ತದೆ, ಕೀರಲು ದನಿಯಲ್ಲಿ ಎಡೆಬಿಡದೆ ಅಳುತ್ತದೆ, ಹಾಲು ಕುಡಿಯಲಾರದು, ನಿದ್ರಿಸಲಾರದು. ಅಮೆರಿಕದಲ್ಲಿ 2012ರಲ್ಲಿ ಸರಾಸರಿ 25 ನಿಮಿಷಕ್ಕೊಂದರಂತೆ ಇಂತಹ ಶಿಶು ಹುಟ್ಟುತ್ತಿತ್ತು. 2014ರ ವೇಳೆಗೆ 15 ನಿಮಿಷಕ್ಕೊಂದರಂತೆ. ಈ ಅಂಕಿಗಳನ್ನು ಕಂಡ ಯಾವ ಸರಕಾರವೂ ಕೈಕಟ್ಟಿ ಕುಳಿತಿರಲಾರದು. ಮಗುವನ್ನು ಕಾಪಾಡಬೇಕೆಂಬ ಕಳಕಳಿ ನ್ಯಾಯವಾದುದೇ. ಅದಕ್ಕೆ ಹಿಡಿದ ದಾರಿ ಯಾವುದೆಂಬುದೇ ಪ್ರಶ್ನೆ.

ಚಾರ್ಲ್ಸ್‌ಟನ್ ನಗರದ ಮೊಕದ್ದಮೆ

ಈ ಪ್ರಶ್ನೆ ಹಿಂದೆಯೇ, ಬೇರೊಂದು ಮಾದಕದ್ರವ್ಯದ ನೆಪದಲ್ಲಿ, ನ್ಯಾಯಾಲಯದ ಮೆಟ್ಟಿಲೇರಿತ್ತು. ದಕ್ಷಿಣ ಕೆರೊಲಿನ ಸಂಸ್ಥಾನದ ಚಾರ್ಲ್ಸ್‌ಟನ್ ನಗರದಲ್ಲಿ ವೈದ್ಯಕೀಯ ವಿಶ್ವವಿದ್ಯಾನಿಲಯದ ಸಾರ್ವಜನಿಕ ಆಸ್ಪತ್ರೆಯೊಂದಿದೆ. ಗರ್ಭಿಣಿಯರಲ್ಲಿ ಕೊಕೇನ್ ಸೇವನೆ ಹೆಚ್ಚುತ್ತಿದೆಯೆಂದು ಕಳವಳಗೊಂಡ ಅಲ್ಲಿನ ಸಿಬ್ಬಂದಿ 1989ರಲ್ಲಿ ಪೋಲೀಸರೊಡನೆಯೂ ಸರಕಾರಿ ಅಭಿಯೋಜಕರೊಡನೆಯೂ ಕೂಡಿ ಒಂದು ಕ್ರಮವನ್ನು ರೂಪಿಸಿದರು. ತಡವಾಗಿ ತಪಾಸಣೆಗೆ ಬಂದವರು, ತಪಾಸಣೆಗೇ ಬಾರದವರು, ಕಾರಣ ತಿಳಿಯದೆ ಅಕಾಲದಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡವರು, ಇಂತಹವರ ಮೂತ್ರವನ್ನು ಕೊಕೇನ್ ಸುಳಿವಿಗಾಗಿ ಪರೀಕ್ಷಿಸುವುದು. ಸುಳಿವು ಸಿಕ್ಕರೆ ಪೋಲೀಸರಿಗೆ ತಿಳಿಸುವುದು. ಹೀಗೆ 30 ಮಂದಿ ಸ್ತ್ರೀಯರು ಬಂಧಿತರಾದರು. ಅವರಲ್ಲಿ ಒಬ್ಬಳ ಹೊರತು ಎಲ್ಲರೂ ಕರಿಯ ಜನಾಂಗದವರು. ಕೆಲವರನ್ನು ಹೆರಿಗೆಯಾದ ಸ್ವಲ್ಪ ಹೊತ್ತಿನಲ್ಲಿಯೇ ಸೆರೆಮನೆಗೆ ಒಯ್ದರು. ಹಸಿ ಬಾಣಂತಿಗೆ ಗಾಳಿ ಸೋಕಬಾರದೆಂದು ಬಾಗಿಲು ಮುಚ್ಚುವ ನಾಡಿನವರಿಗೆ ಇದನ್ನು ಓದುವುದೂ ಕಷ್ಟ.

ಇವರಲ್ಲಿ ಹತ್ತು ಮಂದಿ ದಾವೆ ಹೂಡಿದರು. ಫರ್ಗ್ಯೂಸನ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ಮಾರ್ಚ್ 21ರಂದು ಆರು ನ್ಯಾಯಮೂರ್ತಿಗಳು ಮೂವರಿಗೆ ವಿರುದ್ಧವಾಗಿ ತೀರ್ಪಿತ್ತರು. ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಆಸ್ಪತ್ರೆಯಲ್ಲಿ ಪರೀಕ್ಷೆಗೊಳಗಾಗುವ ರೋಗಿ, ಅದರ ಫಲಿತಾಂಶ ತನ್ನ ಒಪ್ಪಿಗೆಯಿಲ್ಲದೆ ವೈದ್ಯರಲ್ಲದವರ ಕೈ ಸೇರದೆಂದು ನಂಬಿರುತ್ತಾಳೆ. ದಂಡನೆಗೆ ಸಾಕ್ಷ್ಯ ಕಲೆಹಾಕುವ ಉದ್ದೇಶದಿಂದ, ಒಪ್ಪಿಗೆಯನ್ನೂ ನ್ಯಾಯಾಧೀಶರ ವಾರಂಟನ್ನೂ ಪಡೆಯದೆ ಪರೀಕ್ಷಿಸುವುದು ಸಂವಿಧಾನ ನಿಷೇಧಿಸಿದ ಅನುಚಿತ ಶೋಧನೆಯಾಗುತ್ತದೆ ಎಂಬುದು ತೀರ್ಪಿನ ತಿರುಳು.

ತೀರ್ಪು ಬಂದರೂ ಅಂಜಿಕೆ ಹೋಗಲಿಲ್ಲ. ಪೋಲೀಸರ ದಾರಿ ಕಿರಿದಾದಾಗ ಶಿಶುರಕ್ಷಣಾ ಇಲಾಖೆಯ ದಾರಿ ಅಗಲವಾಯಿತು. 2003ರ ಕೇಂದ್ರ ಶಾಸನವೊಂದು, ಅಕ್ರಮ ಮಾದಕದ್ರವ್ಯದ ಪರಿಣಾಮಕ್ಕೆ ಒಳಗಾಗಿ ಹುಟ್ಟಿದ ಶಿಶುಗಳ ವಿಷಯವನ್ನು ಆ ಇಲಾಖೆಗೆ ತಿಳಿಸುವ ವ್ಯವಸ್ಥೆಯಿರಬೇಕೆಂದು ಸಂಸ್ಥಾನಗಳಿಗೆ ವಿಧಿಸಿತು. 2016ರಲ್ಲಿ ‘ಅಕ್ರಮ’ ಎಂಬ ಆ ಒಂದು ಪದವನ್ನು ತೆಗೆದುಹಾಕಲಾಯಿತು. ಇದರಿಂದ, ವೈದ್ಯರೇ ಬರೆದುಕೊಟ್ಟ ಔಷಧಿಯನ್ನು ಸೇವಿಸಿದ ತಾಯಿಯ ಮಗುವಿನ ವಿಷಯವೂ ವರದಿಯಾಗಲು ಅವಕಾಶವಾಯಿತು. ಟೆನೆಸಿ ಸಂಸ್ಥಾನವಂತೂ 2014ರ ಜುಲೈಯಿಂದ ಎರಡು ವರ್ಷಗಳ ಕಾಲ, ಗರ್ಭಿಣಿಯ ಮಾದಕ ಸೇವನೆಯಿಂದ ಶಿಶುವಿಗೆ ಹಾನಿಯಾದರೆ ತಾಯಿಯನ್ನು ಹಲ್ಲೆಯ ಅಪರಾಧಿಯೆಂದು ಶಿಕ್ಷಿಸುವ ಕಾನೂನನ್ನೇ ಜಾರಿಯಲ್ಲಿಟ್ಟಿತ್ತು. 2016ರಲ್ಲಿ ಅದರ ಅವಧಿ ಮುಗಿದಾಗ ಮುಂದುವರಿಸಲಿಲ್ಲ.

ಪರೀಕ್ಷೆ ಹೇಳುವುದೆಷ್ಟು?

ಇಷ್ಟೆಲ್ಲ ಭಾರವನ್ನು ಹೊತ್ತ ಆ ಪರೀಕ್ಷೆಯಾದರೂ ಎಷ್ಟು ಗಟ್ಟಿಯಾದುದು? ಆಸ್ಪತ್ರೆಗಳಲ್ಲಿ ಮೊದಲು ಮಾಡುವುದು ಶೀಘ್ರಪರೀಕ್ಷೆ. ಒಂದು ಬಗೆಯ ಅಣುವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಇದರಲ್ಲಿ ಬಳಸುತ್ತಾರೆ. ಬೀಗಕ್ಕೆ ತಕ್ಕ ಕೀಲಿಯಿದ್ದಂತೆ ಎನ್ನಬಹುದು. ಆದರೆ ಈ ಬೀಗ ಹೋಲಿಕೆಯ ಕೀಲಿಗಳಿಗೂ ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ. ಗರ್ಭಿಣಿಯರ ರಕ್ತದೊತ್ತಡಕ್ಕೆ ವೈದ್ಯರೇ ಕೊಡುವ ಲ್ಯಾಬೆಟಲಾಲ್ ಎಂಬ ಔಷಧಿ ಕೆಲವು ಶೀಘ್ರಪರೀಕ್ಷೆಗಳಲ್ಲಿ ಆಂಫೆಟಮೈನ್ ಎಂಬ ಉದ್ರೇಕಕಾರಿ ಮಾದಕದ ಸುಳ್ಳು ಸುಳಿವನ್ನು ಕೊಡುತ್ತದೆ. ನೋವಿಲ್ಲದ ಹೆರಿಗೆಗೆಂದು ಬೆನ್ನಿನಲ್ಲಿ ಕೊಡುವ ಚುಚ್ಚುಮದ್ದಿನ ಫೆಂಟನಿಲ್ ಬಳಿಕದ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯೇ ಕೊಟ್ಟದ್ದು ಆಸ್ಪತ್ರೆಯಲ್ಲಿಯೇ ದೋಷವಾಗಿ ತೋರುವ ವಿಚಿತ್ರವಿದು. ನಿಜವನ್ನು ಖಚಿತಪಡಿಸಲು ಅಣುಗಳನ್ನು ಬೇರ್ಪಡಿಸಿ ತೂಗಿ ಗುರುತಿಸುವ ಎರಡನೆಯ ಪರೀಕ್ಷೆಯೊಂದಿದೆ. ಅದರ ಫಲಿತಾಂಶ ಬರಲು ದಿನಗಳು ಹಿಡಿಯುತ್ತವೆ. ಮೊದಲ ಪರೀಕ್ಷೆಯ ಮಾತನ್ನೇ ನಂಬಿ ವರದಿ ಕಳುಹಿಸಿದರೆ ಎರಡನೆಯದು ಬರುವ ಮೊದಲೇ ಅನಾಹುತವಾಗಿರಬಹುದು.

ನಮ್ಮವರು ಕಿವಿಗೊಡಬೇಕಾದ ಸಂಗತಿ ಇನ್ನೊಂದಿದೆ. ಹಬ್ಬಕ್ಕೆ, ಸೀಮಂತಕ್ಕೆ ನಮ್ಮ ಮನೆಗಳಲ್ಲಿ ಮಾಡುವ ಗಸಗಸೆ ಪಾಯಸದ ಗಸಗಸೆ, ಅಫೀಮು ಕೊಡುವ ಗಿಡದ ಬೀಜವೇ. ಬೀಜದೊಳಗೆ ಅಮಲು ಇಲ್ಲದಿದ್ದರೂ ಕಾಯಿಯ ಹಾಲು ಸಿಪ್ಪೆಗೆ ಅಂಟಿಕೊಂಡು ಅತ್ಯಲ್ಪ ಮಾರ್ಫೀನ್, ಕೊಡೀನ್‌ಗಳು ಅದರೊಡನೆ ಬರುತ್ತವೆ. ತಿಂದವರಿಗೆ ಏನೂ ಆಗದಿರಬಹುದು. ಮೂತ್ರಪರೀಕ್ಷೆ ಮಾತ್ರ ‘ಅಫೀಮು ಉಂಟು’ ಎನ್ನಬಹುದು. ಈ ಕಾರಣದಿಂದಲೇ ಅಮೆರಿಕ ಸರಕಾರ ತನ್ನ ನೌಕರರ ಪರೀಕ್ಷೆಯಲ್ಲಿ ಅಫೀಮಿನ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೊಗ್ರಾಮಿನಿಂದ 2000 ನ್ಯಾನೊಗ್ರಾಮಿಗೆ ಏರಿಸಿತು. ಆದರೆ ಆ ನಿಯಮ ಆಸ್ಪತ್ರೆಗಳನ್ನು ಕಟ್ಟಿಹಾಕುವುದಿಲ್ಲ. ಹಳೆಯ ಕೆಳಮಟ್ಟದ ಮಿತಿಯನ್ನೇ ಅನುಸರಿಸುವ ಆಸ್ಪತ್ರೆಗಳಿವೆ. 2010ರಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದ ತಾಯಿಯೊಬ್ಬಳು ಹೆರಿಗೆಗೆ ಮುನ್ನ ಗಸಗಸೆ ಉದುರಿಸಿದ ರೊಟ್ಟಿಯನ್ನು ತಿಂದಿದ್ದಳು. ಪರೀಕ್ಷೆಯ ವರದಿ ಶಿಶುರಕ್ಷಣಾ ಅಧಿಕಾರಿಗಳಿಗೆ ಹೋಯಿತು. ಮೂರು ದಿನದ ಕೂಸನ್ನು ಅವರು ಒಯ್ದರು. ಐದು ದಿನಗಳ ಬಳಿಕ ತಪ್ಪು ತಿಳಿದು ಹಿಂದಿರುಗಿಸಿದರು. 2013ರಲ್ಲಿ ಆ ತಂದೆತಾಯಿಗಳಿಗೆ 1,43,500 ಡಾಲರ್ ಪರಿಹಾರ ದೊರೆಯಿತು. ಕೂಸಿನ ಮೊದಲ ವಾರದ ಆ ಐದು ದಿನಗಳನ್ನು ಯಾವ ಡಾಲರು ತಂದುಕೊಟ್ಟೀತು?

ಪರೀಕ್ಷೆ ನಿಜವನ್ನೇ ಹೇಳಿದಾಗಲೂ ಅದು ಹೇಳುವುದು ಕೊಂಚ ಮಾತ್ರ. ಕಳೆದ ಕೆಲವು ದಿನಗಳಲ್ಲಿ ಇಂತಹ ದ್ರವ್ಯ ಮೈ ಸೇರಿದೆ ಎಂಬಷ್ಟೇ ಅದರ ಸಾಕ್ಷ್ಯ. ಒಂದೇ ಮಾತ್ರೆಯೋ ನಿತ್ಯದ ಚಟವೋ, ವೈದ್ಯರು ಕೊಟ್ಟದ್ದೋ ಕದ್ದು ತಂದದ್ದೋ, ಈಕೆ ಮಗುವನ್ನು ಸಾಕಬಲ್ಲಳೋ ಇಲ್ಲವೋ ಎಂಬುದನ್ನು ಮೂತ್ರದ ಸೀಸೆ ಹೇಳಲಾರದು. ಇನ್ನು ಯಾರ ವಿಷಯ ವರದಿಯಾಗುತ್ತದೆಂಬುದರಲ್ಲಿಯೂ ಪಕ್ಷಪಾತವಿದೆ. ಫ್ಲಾರಿಡ ಸಂಸ್ಥಾನದ ಪಿನೆಲಾಸ್ ಜಿಲ್ಲೆಯಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವು, ಬಿಳಿಯ ಮತ್ತು ಕರಿಯ ಗರ್ಭಿಣಿಯರಲ್ಲಿ ಮಾದಕ ಸೇವನೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೂ, ಅಧಿಕಾರಿಗಳಿಗೆ ವರದಿಯಾಗುವುದು ಕರಿಯರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚೆಂದು ತೋರಿಸಿಕೊಟ್ಟಿತು.

ಕೇಳಿ ತಿಳಿಯುವ ದಾರಿ

ಇದರ ಫಲವೇನು? ಹೆದರಿದ ಹೆಂಗಸು ಮಾಡುವುದು ಎರಡೇ: ಆಸ್ಪತ್ರೆಗೆ ಹೋಗದಿರುವುದು, ಹೋದರೂ ಹೇಳದಿರುವುದು. ಕೆಲವರು ಪರೀಕ್ಷೆಗೆ ಅಂಜಿ ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಿಬಿಡುತ್ತಾರೆ. ಅಫೀಮಿನ ಕುಲದ ಔಷಧಿಗೆ ಮೈ ಒಗ್ಗಿಹೋಗಿದ್ದವರಿಗೆ ಇದು ಎಲ್ಲಕ್ಕಿಂತ ಅಪಾಯದ ಹಾದಿ. ತಡೆಯಲಾರದ ಸಂಕಟ, ಮರಳಿ ಚಟಕ್ಕೆ ಬೀಳುವುದು, ಆಗ ಅಳತೆ ಮೀರಿ ಸೇವಿಸಿ ಪ್ರಾಣಕ್ಕೇ ಸಂಚಕಾರ. ಇಂತಹವರಿಗೆ ಬಸಿರಿನ ಅವಧಿಯಲ್ಲಿ ಮೆಥಡೋನ್ ಇಲ್ಲವೇ ಬ್ಯೂಪ್ರಿನಾರ್ಫಿನ್ ಎಂಬ ಔಷಧಿಯನ್ನು ವೈದ್ಯರ ಕಣ್ಗಾವಲಿನಲ್ಲಿ ಕ್ರಮವಾಗಿ ಕೊಡುವುದೇ ಒಪ್ಪಿತವಾದ ಚಿಕಿತ್ಸೆ. ಅದು ದೊರೆಯಬೇಕಾದರೆ ಆಕೆ ಮೊದಲು ಬಾಯಿ ಬಿಡಬೇಕು.

ಅಮೆರಿಕದ ಪ್ರಸೂತಿತಜ್ಞರು ಇದನ್ನು ಬಹಳ ಹಿಂದೆಯೇ ಮನಗಂಡರು. ಶಿಕ್ಷೆಯ ಭಯ ಗರ್ಭಿಣಿಯರನ್ನು ತಪಾಸಣೆಯಿಂದಲೇ ದೂರವಿಡುತ್ತದೆಂದು ಅವರ ಕಾಲೇಜು 2011ರಲ್ಲಿ ಎಚ್ಚರಿಸಿತು. ಪ್ರತಿಯೊಬ್ಬ ಗರ್ಭಿಣಿಯನ್ನೂ, ಬಡವಿ ಬಲ್ಲಿದೆ ಎನ್ನದೆ, ಸೌಜನ್ಯದಿಂದ ಪ್ರಶ್ನೆ ಕೇಳಿ ತಿಳಿದುಕೊಳ್ಳಬೇಕು. ಮೂತ್ರಪರೀಕ್ಷೆಯನ್ನು ಆಕೆಯ ಒಪ್ಪಿಗೆ ಪಡೆದೇ ಮಾಡಬೇಕು ಎಂಬುದು 2017ರ ಸಲಹೆ.

ಮಗುವಿನ ಹಿತಕ್ಕೂ ಇದೇ ದಾರಿ ಒಳಿತೆಂಬುದಕ್ಕೆ ಆಧಾರವಿದೆ. ಔಷಧಿಯ ರೂಢಿಯೊಡನೆ ಹುಟ್ಟಿದ ಕೂಸುಗಳನ್ನು ಹಿಂದೆ ತಾಯಿಯಿಂದ ಬೇರ್ಪಡಿಸಿ, ಲಕ್ಷಣಗಳಿಗೆ ಅಂಕ ಹಾಕಿ, ಅಂಕ ಏರಿದಂತೆ ಮಾರ್ಫೀನ್ ಹನಿಗಳನ್ನು ಕೊಡುತ್ತಿದ್ದರು. ಈಚೆಗೆ ಮೂರೇ ಪ್ರಶ್ನೆಗಳ ಪದ್ಧತಿ ಬಂದಿದೆ: ಕೂಸು ಹಾಲು ಕುಡಿಯಿತೇ? ನಿದ್ರಿಸಿತೇ? ಎತ್ತಿಕೊಂಡರೆ ಸಮಾಧಾನಗೊಂಡಿತೇ? ಮಂದ ಬೆಳಕಿನ ಕೋಣೆ, ಬಟ್ಟೆಯಲ್ಲಿ ಸುತ್ತಿ ಅಪ್ಪಿಕೊಳ್ಳುವ ತಾಯಿ, ಸಾಧ್ಯವಿದ್ದಲ್ಲಿ ಎದೆಹಾಲು, ಇವೇ ಮೊದಲ ಮದ್ದು. ಇವು ಸಾಲದಾದಾಗ ಮಾತ್ರ ಮಾರ್ಫೀನ್. 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಳೆಯ ಕ್ರಮದಲ್ಲಿ ಶಿಶು ಮನೆಗೆ ಹೋಗಲು ಸಿದ್ಧವಾಗುವುದಕ್ಕೆ ಸರಾಸರಿ 14.9 ದಿನಗಳು ಹಿಡಿದರೆ, ಹೊಸ ಕ್ರಮದಲ್ಲಿ 8.2 ದಿನಗಳು ಸಾಕಾದವು. ಯಾವ ತಾಯಿಯನ್ನು ಶಂಕಿತೆಯೆಂದು ದೂರವಿಡುತ್ತಿದ್ದರೋ ಅದೇ ತಾಯಿಯ ಮಡಿಲು ಔಷಧಿಯಾಯಿತು.

ನಮ್ಮ ಕಡೆಗೆ ನೋಡಿದರೆ

ವಿದೇಶದಲ್ಲಿ ಹೆರಿಗೆಗೆ ಸಿದ್ಧರಾಗುವ ಕನ್ನಡತಿಯರೂ, ಮಗಳ ಬಾಣಂತನಕ್ಕೆಂದು ವಿಮಾನವೇರುವ ತಾಯಂದಿರೂ ಕೆಲವು ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು. ಸೇವಿಸುವ ಪ್ರತಿಯೊಂದು ಔಷಧಿಯ ಚೀಟಿಯನ್ನೂ ಜೋಪಾನವಾಗಿಡಬೇಕು. ಪರೀಕ್ಷೆಗೆ ಮೂತ್ರ ಕೇಳಿದಾಗ, ಯಾತಕ್ಕಾಗಿ ಎಂದು ವಿನಯದಿಂದ ವಿಚಾರಿಸುವುದು ತಪ್ಪಲ್ಲ. ಅನಿರೀಕ್ಷಿತ ಫಲಿತಾಂಶ ಬಂದರೆ ಖಚಿತಪಡಿಸುವ ಎರಡನೆಯ ಪರೀಕ್ಷೆಯನ್ನು ಕೇಳಬೇಕು. ಗಸಗಸೆ ಪಾಯಸವನ್ನು ಹೆರಿಗೆಯ ತರುವಾಯಕ್ಕೆ ಮೀಸಲಿಡುವುದು ಕ್ಷೇಮ. ಅಮೆರಿಕದ ಸೈನ್ಯಾಡಳಿತವೇ 2023ರಲ್ಲಿ ತನ್ನ ಯೋಧರಿಗೆ ಗಸಗಸೆಯನ್ನು ವರ್ಜಿಸುವಂತೆ ತಿಳಿಸಿತ್ತು.

ಕರ್ನಾಟಕದಲ್ಲಿ ಹೆರಿಗೆಗೆ ಬಂದವಳ ಮೂತ್ರದಲ್ಲಿ ಮಾದಕದ್ರವ್ಯವನ್ನು ಹುಡುಕುವ ವಾಡಿಕೆಯಿಲ್ಲ. ನಮ್ಮಲ್ಲಿ ಎಚ್.ಐ.ವಿ. ಪರೀಕ್ಷೆಯನ್ನು ಕೂಡ ತಿಳಿಸಿ ಹೇಳಿ ಒಪ್ಪಿಗೆ ಪಡೆದ ಬಳಿಕವೇ ಮಾಡಬೇಕೆಂದು 2017ರ ಕೇಂದ್ರ ಶಾಸನ ವಿಧಿಸಿದೆ. ಟ್ರಮಡಾಲ್ ಮಾತ್ರೆಯನ್ನು 2018ರಲ್ಲಿ ಮಾದಕದ್ರವ್ಯಗಳ ಕಾನೂನಿನ ಹಿಡಿತಕ್ಕೆ ತರಲಾಗಿದೆ. ಆದರೂ ನಮ್ಮ ಅಪಾಯ ಬೇರೆಡೆಯಲ್ಲಿದೆ. ಸೊಂಟನೋವೆಂದು ಮೂಲೆಯ ಔಷಧಿ ಅಂಗಡಿಯಲ್ಲಿ ಕೇಳಿದರೆ, ಬಸುರಿಯೇ ಎಂದು ವಿಚಾರಿಸದೆ ಡೈಕ್ಲೊಫೆನಾಕ್ ಬೆರೆತ ಮಾತ್ರೆಯನ್ನು ಕತ್ತರಿಸಿ ಕೊಡುವುದುಂಟು. ಅದನ್ನು ನುಂಗಿದವಳು ಮುಂದಿನ ತಪಾಸಣೆಯಲ್ಲಿ ಬಾಯಿ ಬಿಡುವುದಿಲ್ಲ. ವೈದ್ಯರು ಗದರಿಸಿಯಾರು, ಅತ್ತೆ ಆಡಿಕೊಂಡಾಳು ಎಂಬ ಸಂಕೋಚ. ತಾಯಿ ಕಾರ್ಡಿನಲ್ಲಿ ರಕ್ತದ ಮಟ್ಟ, ತೂಕ, ಚುಚ್ಚುಮದ್ದು ಎಲ್ಲ ದಾಖಲಾಗುತ್ತವೆ. ಅಂಗಡಿಯ ಆ ಮಾತ್ರೆಯ ಹೆಸರು ದಾಖಲಾಗುವುದಿಲ್ಲ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ತೀವ್ರ ನೋವು, ರಕ್ತಸ್ರಾವ, ಕೂಸಿನ ಮಿಸುಕಾಟ ಕಡಿಮೆಯಾಗುವುದು, ಇವು ಮಾತ್ರೆಯಿಂದ ಮರೆಸಬಾರದ, ಕೂಡಲೇ ಆಸ್ಪತ್ರೆಗೆ ಧಾವಿಸಬೇಕಾದ ಸೂಚನೆಗಳು. ಇವುಗಳನ್ನೂ ನೋವಿನ ಮಾತ್ರೆ ನುಂಗಿ ಸಹಿಸಿಕೊಂಡವರಿದ್ದಾರೆ.

ಅಲ್ಲಿಯ ತಾಯಿ ಸರಕಾರಕ್ಕೆ ಅಂಜಿ ಮುಚ್ಚಿಡುತ್ತಾಳೆ. ಇಲ್ಲಿಯವಳು ಗದರಿಕೆಗೆ ಅಂಜಿ ಮುಚ್ಚಿಡುತ್ತಾಳೆ. ಎರಡೂ ಕಡೆ ವೈದ್ಯರಿಗೆ ತಿಳಿಯಬೇಕಾದದ್ದು ತಿಳಿಯದೆ ಉಳಿಯುತ್ತದೆ, ಅದರ ಬೆಲೆಯನ್ನು ಕೂಸು ತೆರುತ್ತದೆ. ಅಲ್ಲಿನ ಅಂಜಿಕೆಯನ್ನು ನೀಗಲು ಶಾಸನಗಳು ಬದಲಾಗಬೇಕು. ಇಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆ, ತಪಾಸಣೆ ಮಾಡುವ ವೈದ್ಯರು, ಬಾಣಂತನಕ್ಕೆ ನಿಂತ ತಾಯಿ, ಇವರಲ್ಲಿ ಒಬ್ಬರು “ನೋವಿಗೆ ಏನಾದರೂ ತೆಗೆದುಕೊಂಡೆಯಾ ತಾಯಿ?” ಎಂದು ಕೇಳಿ, ಬಂದ ಉತ್ತರಕ್ಕೆ ಮುಖ ಗಂಟಿಕ್ಕದಿದ್ದರೆ ಸಾಕು.